ಮಾಸಿಗೆ ಕೊಟ್ಟ ಗೋರಟೆ ಮಾಲೆ

ಆ ದಿನವೂ ಹಾಲು ಕಾಯಿಸಿ, ಇವರ ಡಬ್ಬಿ ತುಂಬಿ ಶಿಫ್ಟ್ ಬಸ್ಸಿಗೆ ಕಳಿಸಿ, ಫಿಲ್ಟರಿನ ಚರಟವನ್ನು ಗಿಡಗಳಿಗೆ ಹಾಕಲು ಹಿತ್ತಲಿಗೆ ಹೋದೆ. ಗೋರಟೆ ಅರಳಿತ್ತು!

ಊರಿನಲ್ಲಿ ಅಮ್ಮ ಬಾಳೆನಾರಿನಲ್ಲಿ ಕಟ್ಟಿ ನನ್ನ ಜಡೆಗೆ ಮುಡಿಸುತ್ತಿದ್ದ ಹಳದಿ ಹೂವು ಗುಜರಾತಿನ ಈ ಕೊಯಾಲಿಯಲ್ಲಿ ರಸ್ತೆಬದಿಯ ಕಾಡುಗಿಡ. ಮಳೆಗಾಲದಲ್ಲಿ ಒಂದು ಕೊಂಬೆ ತಂದು ನಮ್ಮ ಕ್ವಾರ್ಟರ್ಸಿನ ಬೇಲಿಗೆ ನೆಟ್ಟಿದ್ದೆ. ನವರಾತ್ರಿ ಹೋಯಿತು, ದೀಪಾವಳಿಯೂ ಹೋಯಿತು, ಬೆಳೆದದ್ದು ಮುಳ್ಳು ಮಾತ್ರ. ಪಕ್ಕದ ಮನೆಯ ಗುಜರಾತಿ ಮಾಸಿಯ ಸೆರಗು ಅದಕ್ಕೆ ಸಿಕ್ಕಿ ಹರಿದಾಗ ಅವರು ತಮ್ಮ ಹಿಂದಿಯಲ್ಲಿ, "ನಿಮ್ಮ ಕಡೆ ಮುಳ್ಳಿಗೂ ನೀರು ಹಾಕಿ ಸಾಕ್ತಾರಾ ಬೆನ್?" ಎಂದು ನಕ್ಕರು. ನಗುತ್ತಲೇ, ಭಾನುವಾರ ಮಾಲಿಯಿಂದ ಅದನ್ನು ಕಡಿಸಲು ಇವರನ್ನೂ ಒಪ್ಪಿಸಿಬಿಟ್ಟರು.

ಕಡಿಯುವ ಮೊದಲು ಒಮ್ಮೆಯಾದರೂ ಮುಡಿಯೋಣವೆಂದು ಹೂ ಬಿಡಿಸಿ, ಬಾಳೆನಾರು ನೆನೆಸಿ ಕಟ್ಟಿದೆ. ಅರ್ಧ ನನ್ನ ಜಡೆಗೆ, ಅರ್ಧ ಮಾಸಿಗೆ. ಅವರು ಮಿಂದು, ತಮ್ಮ ಠಾಕೋರ್‌ಜೀಯ, ಎಂದರೆ ಗೇಣುದ್ದದ ಕೃಷ್ಣನ, ಪೂಜೆಗೆ ಹೊರಟಿದ್ದರು. "ತಗೊಳ್ಳಿ ಮಾಸಿ" ಎಂದಷ್ಟೇ ಹೇಳಿ ಬಂದೆ. ಹೂ ಕೊಟ್ಟರೆ ತಲೆಗೇ ಎಂದು ಬೇರೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಬೇಲಿಯಾಚೆ ಅವರ ತುರುಬು ನೋಡಿದೆ. ಬರಿದಾಗಿತ್ತು. ಸರಿ, ಭಾನುವಾರ ಗಿಡ ಹೋದಂತೆಯೇ ಅಂದುಕೊಂಡೆ.

ಅವರು ಬೆಡ್‌ಶೀಟು ಕೊಡವುತ್ತ, ನನ್ನ ಕಡೆ ತಿರುಗದೆಯೇ ಅಂದರು: "ನಮ್ಮ ಠಾಕೋರ್‌ಜೀಗೆ ಹಾರ ಉದ್ದ ಆಯ್ತು ಬೆನ್, ಪಾದ ದಾಟಿ ಕೆಳಗೆ ಬಿತ್ತು. ನಾಳೆಯಿಂದ ಸ್ವಲ್ಪ ಗಿಡ್ಡಕ್ಕೆ ಕಟ್ಟಿ."