ಶರಣಪ್ಪನವರು ಹೇಳದ ಜಾಗಗಳು

ಮೂವತ್ತು ವರ್ಷಕ್ಕೂ ಮಿಕ್ಕಿ ಊರೂರು ತಿರುಗಿ ಹೊಲಗಳ ಗಡಿಯನ್ನು ಅಂಗುಲ ತಪ್ಪದಂತೆ ಅಳೆದ ಸರ್ವೇಯರ್ ಶರಣಪ್ಪನವರಿಗೆ, ತಾವು ಕಂಡ ಹಕ್ಕಿ ಎಲ್ಲಿತ್ತೆಂದು ಕೇಳಿದರೆ ಮಾತ್ರ ಜಾಗ ನೆನಪಾಗುತ್ತಿರಲಿಲ್ಲ. "ಇಲ್ಲೇ, ಸೇಡಂ ಕಡಿ" ಎಂದು ಕೈ ಬೀಸುತ್ತಿದ್ದರು. ಆ ಕೈ ಬೀಸಿನೊಳಗೆ ಅರ್ಧ ತಾಲೂಕು ಬರುತ್ತಿತ್ತು.

ನಿವೃತ್ತಿಯ ನಂತರ ಅವರು ಸೇಡಂನಲ್ಲೇ ಮನೆ ಮಾಡಿಕೊಂಡಿದ್ದರು. ನಾನು ಚಿತ್ತಾಪುರದ ಕಾಲೇಜಿನಲ್ಲಿ ಪಾಠ ಹೇಳುವವನು. ಹಕ್ಕಿ ನೋಡುವ ಏಳು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ಅದರಲ್ಲಿ ಅವರೇ ಹಿರಿಯರು. ಒಂದೂ ಫೋಟೋ ಹಾಕದವರೂ ಅವರೇ.

ಒಮ್ಮೆ ಹೊರಗಿನ ಊರಿನಿಂದ ಒಬ್ಬರು ಮೊಳದುದ್ದದ ಲೆನ್ಸ್ ಹಿಡಿದುಕೊಂಡು ಅವರ ಮನೆಗೆ ಬಂದರು. ಫ್ಲೋರಿಕನ್ ಎಂಬ ಅಪರೂಪದ ಹುಲ್ಲುಗಾವಲ ಹಕ್ಕಿ ಈ ಭಾಗದಲ್ಲಿ ಕಾಣಿಸಿದೆಯೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಶರಣಪ್ಪನವರು ಮಂಡಕ್ಕಿಯ ಸುಸಲಾ ತಿನ್ನಿಸಿದರು, ಚಹಾ ಕುಡಿಸಿದರು, ತಾವೇ ಜೊತೆಗೆ ಹೊರಟು ಮಳಖೇಡದ ಕೋಟೆಗೆ ಕರೆದೊಯ್ದರು. ಗಿಳಿ, ಪಾರಿವಾಳ, ಕಾಗಿಣಾದ ದಂಡೆಯ ಮಿಂಚುಳ್ಳಿ ಎಲ್ಲವನ್ನೂ ಮನಸಾರೆ ತೋರಿಸಿದರು. ಬಂದವರು ಸಂಜೆ ಕೈ ಮುಗಿದು ಹೋದರು. ತಮಗೆ 'ಇಲ್ಲ' ಎಂದದ್ದು ಅವರಿಗೆ ತಿಳಿಯಲೇ ಇಲ್ಲ.

"ಹಕ್ಕಿ ಗೂಡು ಅಂದ್ರ ಬಾಣಂತಿ ಮನಿ ಇದ್ದಂಗ್ರಿ ಮಾಸ್ತರ" ಎಂದು ಆಮೇಲೆ ನನಗೆ ಹೇಳಿದರು. "ಕಂಡವರನ್ನೆಲ್ಲಾ ಒಳಗ ಬಿಡ್ತಾರೇನು?"

ಅಂಥವರು ಒಂದು ಚಳಿಗಾಲದಲ್ಲಿ ನನ್ನನ್ನು ತಾವಾಗಿಯೇ ಕರೆದರು. ಶಹಾಬಾದ್ ಮತ್ತು ವಾಡಿಯ ನಡುವೆ, ಕೆಲಸ ನಿಂತು ಜಾಲಿ ಬೆಳೆದ ಹಳೆಯ ಕಲ್ಲಿನ ಖಣಿಯೊಂದಿತ್ತು. ಅದರ ಗೋಡೆಯ ನಡುವಿನ ಚಾಚಿನ ಮೇಲೆ ಕೊಂಬಿನ ಗೂಬೆ ಕುಳಿತಿತ್ತು. ಅದರ ಮಗ್ಗುಲಲ್ಲಿ ಬೂದುಬಣ್ಣದ ಎರಡು ಮರಿ. ನಾವು ಎದುರು ದಂಡೆಯಲ್ಲಿ ಒಂದು ತಾಸು ಅಲುಗದೆ ಕುಳಿತೆವು.

"ಫೋಟೋ ಬೇಕಾದ್ರ ತಗೋರಿ. ಆದ್ರ ಮರಿ ಹಾರೋತನ ನಿಮ್ಮ ಹತ್ರಾನ ಇರ್ಲಿ" ಎಂದರು.

ನಾಲ್ಕು ದಿನ ತಡೆದೆ. ಐದನೆಯ ದಿನ ಗುಂಪಿಗೆ ಹಾಕಿದೆ. ಊರಿನ ಹೆಸರು ಬರೆಯಲಿಲ್ಲ, ಇರುವವರು ಏಳೇ ಜನ ಎಂದು ಸಮಾಧಾನ ಮಾಡಿಕೊಂಡೆ. ಮೆಚ್ಚುಗೆಯ ಮಾತುಗಳು ಬಂದವು.

ಫೋಟೋ ಗುಂಪಿನಿಂದ ಗುಂಪಿಗೆ ದಾಟಿತು. ಆ ಭಾನುವಾರ ಖಣಿಗೆ ಮೂರು ಕಾರು ಬಂದಿದ್ದವಂತೆ. ರೆಕ್ಕೆ ಬಿಚ್ಚಿದ ಫೋಟೋ ಬೇಕೆಂದು ಯಾರೋ ಕಲ್ಲು ಎಸೆದು ಗೂಬೆಯನ್ನು ಎಬ್ಬಿಸಿದರಂತೆ. ಅಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಇದನ್ನು ಹೇಳಿದಾಗ ನಾವಿಬ್ಬರೂ ಖಣಿಯ ಅಂಚಿನಲ್ಲಿ ನಿಂತಿದ್ದೆವು. ಚಾಚು ಬರಿದಾಗಿತ್ತು. ಒಂದು ಮರಿ ಕೆಳಗೆ ಸತ್ತು ಬಿದ್ದಿತ್ತು. ಇನ್ನೊಂದು ಕಾಣಲಿಲ್ಲ.

"ನಾ ಊರ ಹೆಸರು ಹಾಕಿರಲಿಲ್ರಿ ಸಾಹೇಬ್ರ" ಎಂದೆ.

"ಹೌದು, ಹಾಕಿಲ್ಲ. ಫೋಟೋದಾಗ ಗೂಗಿ ಹಿಂದ ಫ್ಯಾಕ್ಟರಿ ಚಿಮಣಿ ಹಾಕೀರಿ."

ಅವರ ದನಿ ಏರಲಿಲ್ಲ. ಕೆಳಗಿಳಿದು ಮರಿಯ ಮೇಲೆ ಚಪ್ಪಡಿಯ ಚೂರುಗಳನ್ನು ಒಂದೊಂದಾಗಿ ಇಟ್ಟು ಮುಚ್ಚಿದರು. ವಾಡಿಗೆ ಬಂದು ಚಹಾದಂಗಡಿಯಲ್ಲಿ ಕುಳಿತಾಗ ಹೇಳಿದರು.

"ತಪ್ಪು ನಿಮ್ಮದೊಂದೇ ಅಲ್ರಿ. ಕಂಡದ್ದನ್ನ ಯಾರಿಗರೆ ತೋರಿಸಬೇಕು ಅನ್ನೋ ಆಸೆ ನನಗೂ ತಡೀಲಿಲ್ಲ. ನಿಮಗ ತೋರಿಸ್ದೆ. ನೀವು ಐದು ಮಂದಿಗಿ ತೋರಿಸಿದ್ರಿ. ಅವರೂ ನಿಮ್ಮಂಗ ಚಲೋ ಮಂದೀನೇ."

ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಮ್ಮ ಸ್ನೇಹ ಕೆಡಲಿಲ್ಲ. ಚಿಂಚೋಳಿಯ ಕಾಡಿಗೆ, ಸನ್ನತಿಯ ಭೀಮಾ ದಂಡೆಗೆ ಜೊತೆಯಲ್ಲೇ ಹೋದೆವು. ಆದರೆ ಗೂಡಿರುವ ಕಡೆಗೆ ಅವರು ಮತ್ತೆಂದೂ ನನ್ನನ್ನು ಕರೆದೊಯ್ಯಲಿಲ್ಲ. ಮುಂದಿನ ಚಳಿಗಾಲ ಆ ಗೂಬೆಗಳು ಎಲ್ಲಾದರೂ ಕಂಡವೇ ಎಂದು ಕೇಳಿದಾಗ "ಜೋಡಿ ಆರಾಮ ಅದಾವ" ಎಂದರು. ಎಲ್ಲಿ ಎಂದೆ. ನನ್ನ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದರು. ಒಂದು ವರ್ಷ ಇದು ನನ್ನನ್ನು ಚುಚ್ಚಿತು. ಆಮೇಲೆ ಗುಂಪಿನಲ್ಲಿ, ಗೂಡಿನ ಚಿತ್ರ ಹಾಕಬಾರದು, ಉಳಿದ ಚಿತ್ರಗಳನ್ನೂ ಹಿನ್ನೆಲೆ ನೋಡಿ, ಮರಿ ಮಾಡುವ ಕಾಲ ಮುಗಿದ ಮೇಲಷ್ಟೇ ಹಾಕಬೇಕು ಎಂದು ನಾನೇ ಬರೆದೆ. ಅವರು ಒಂದು ಹೆಬ್ಬೆಟ್ಟಿನ ಗುರುತು ಹಾಕಿದರು. ಗುಂಪಿನಲ್ಲಿ ಅವರು ಹಾಕಿದ್ದು ಅದೊಂದೇ.

ಹೋದ ವರ್ಷ ಯುಗಾದಿಗೆ ಮೊದಲು ಶರಣಪ್ಪನವರು ಎದೆನೋವಿನಿಂದ ತೀರಿಕೊಂಡರು. ಮೂರನೆಯ ದಿನ ನಾನು ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಕಂಬಳಿ ಹೊದ್ದ ಕುರಿ ಕಾಯುವವರೊಬ್ಬರು ಬಾಗಿಲಿಗೆ ಬಂದರು.

"ಸಾಹೇಬ್ರು ಅದಾರೇನ್ರಿ?"

ವಿಷಯ ಹೇಳಿದೆ. ಅವರು ಕಂಬಳಿ ತೆಗೆದು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತರು. ನೀರು ತಂದುಕೊಟ್ಟೆ.

"ಗೂಗಿ ಮರಿ ಮೂರೂ ಹಾರ್ಯಾವ ಅಂತ ಹೇಳಲಿಕ್ಕಿ ಬಂದಿದ್ದೆ" ಎಂದರು. "ಹಾರಿದ ಮ್ಯಾಲ ಬಂದು ಹೇಳು, ಅಲ್ಲಿತನ ಆ ಕಡಿ ಕುರಿ ಬಿಡಬ್ಯಾಡ ಅಂದಿದ್ರು. ಇನ್ನ ಯಾರಿಗಿ ಹೇಳಬೇಕ್ರಿ?"

"ನನಗ ಹೇಳಿದ್ರಲ್ಲ, ಸಾಕ್ರಿ."

"ನೀವೂ ನೋಡಲಿಕ್ಕಿ ಬರ್ತೀರೇನು? ನಮ್ಮೂರು..."

"ಊರ ಹೆಸರು ಬ್ಯಾಡ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. ಉಳಿದ ನೀರು ಕುಡಿದು, ಕಂಬಳಿ ಹೆಗಲಿಗೇರಿಸಿ ಬಸ್‌ ಸ್ಟ್ಯಾಂಡಿನ ಕಡೆ ನಡೆದರು. ಯಾವ ಬಸ್ಸು ಹತ್ತಿದರೋ ನಾನು ನೋಡಲಿಲ್ಲ.