ಫೋನ್ ಇಡುವ ಮೊದಲಿನ ‘ಆಯ್ತು’

ಪುತ್ತೂರಿನ ಮೊಬೈಲ್ ಕಂಪನಿಯ ಕಚೇರಿಯಲ್ಲಿ, ಕೌಂಟರಿನ ಸ್ಪೀಕರಿನಿಂದ ನನ್ನದೇ ದನಿ ಕೇಳಿಸಿತು: “ಒಲೆಯಲ್ಲಿ ಗಂಜಿ ಉಂಟು. ಆಯ್ತು, ಇಡ್ತೇನೆ ಆಯ್ತಾ.”

ನನಗೆ ಬೇಡವಾದ ಹಾಡಿನ ಸೇವೆಯೊಂದಕ್ಕೆ ಬಿಲ್ಲಿನಲ್ಲಿ ಶುಲ್ಕ ಸೇರಿಸಿದ್ದರು. ಅದನ್ನು ಪ್ರಶ್ನಿಸಲು ಪಂಜದಿಂದ ಬಸ್ಸಿನಲ್ಲಿ ಬಂದಿದ್ದೆ. ಸೇವೆ ಬೇಕೇ ಎಂದು ಕಂಪನಿಯವರು ಫೋನ್ ಮಾಡಿದ್ದಾಗ ನಾನು “ಆಯ್ತು” ಎಂದಿದ್ದೆನಂತೆ. ಅದಕ್ಕೆ ಸಾಕ್ಷಿ ಈ ಧ್ವನಿಮುದ್ರಣ.

ಕೌಂಟರಿನಲ್ಲಿದ್ದ ಹುಡುಗಿ ಊರಿನವಳೇ. ಕೇಳಿದವಳು ಮುಖ್ಯ ಕಚೇರಿಗೆ ಫೋನ್ ಮಾಡಿದಳು. “ಸರ್, ಅದು ಒಪ್ಪಿದ್ದಲ್ಲ. ನಮ್ಮಲ್ಲಿ ಫೋನ್ ಇಡುವಾಗ ಹಾಗೆ ಹೇಳುದು.” ಆ ಕಡೆಯವರಿಗೆ ಇದನ್ನು ಮೂರು ಸಲ ಹೇಳಬೇಕಾಯಿತು. ನೋಡುತ್ತೇವೆ ಎಂದರಂತೆ. “ಆಯ್ತು ಸರ್, ಇಡ್ತೇನೆ ಆಯ್ತಾ,” ಎಂದು ಅವಳು ಫೋನಿಟ್ಟು ನನ್ನ ಮುಖ ನೋಡಿದಳು.

ಇನ್ನು ಆ ಮಾತು ಆಡಬಾರದೆಂದು ನಿಶ್ಚಯಿಸಿದೆ. ಮರುದಿನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. “ಕಂಪನಿಯಿಂದ” ಎಂದು ಕೇಳಿದ್ದೇ ತಡ, “ಬೇಡ” ಎಂದು ಕಟ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಅದೇ ನಂಬರಿನಿಂದ ಸಂದೇಶ ಬಂತು: ‘ನಾನು ನಿನ್ನೆ ಕೌಂಟರಿನಲ್ಲಿ ಇದ್ದವಳು. ನಿಮ್ಮ ಶುಲ್ಕ ತೆಗೆದಿದ್ದಾರೆ.’ ಅವಳಿಗೆ ಹೇಳಬೇಕಿದ್ದ ಒಂದು ‘ಆಯ್ತು’ ನನ್ನಲ್ಲೇ ಉಳಿಯಿತು.