ಶಟಲ್ ಕೋರ್ಟಿನ ನಿಂಬೆಹಣ್ಣು

ಹೊಸಕೋಟೆಯಲ್ಲಿ ನಾವಿರುವ ಬಡಾವಣೆಯ ಕೊನೆಗೆ, ಮೂರು ರಸ್ತೆ ಕೂಡುವ ಕಡೆ, ಒಂದು ಖಾಲಿ ಸೈಟಿದೆ. ಅದರ ಮಾಲೀಕರು ಯಾವ ಊರಲ್ಲಿದ್ದಾರೋ, ನಾನಂತೂ ಅವರ ಮುಖ ನೋಡಿಲ್ಲ. ಅಲ್ಲಿ ನಾನೂ ನನ್ನ ಗೆಳೆಯನೂ ದಿನಾ ಬೆಳಗ್ಗೆ ಶಟಲ್ ಆಡುತ್ತಿದ್ದೆವು. ಅವನದು ಪಕ್ಕದ ಬೀದಿಯಲ್ಲಿ ಪೇಂಟಿನ ಅಂಗಡಿ. ನನ್ನದು ಹೆದ್ದಾರಿ ಪಕ್ಕದ ಗೋಡೌನಿನಲ್ಲಿ ಕೆಲಸ. ಜನ ಮನೆಯಲ್ಲಿ ಕೂತು ಮೊಬೈಲ್ ಒತ್ತಿ ತರಿಸಿಕೊಳ್ಳುವ ಮಿಕ್ಸಿ, ಚಪ್ಪಲಿ, ನಾಯಿ ಬಿಸ್ಕತ್ತುಗಳ ಡಬ್ಬಗಳನ್ನು ಸಂಜೆಯವರೆಗೆ ಸ್ಕ್ಯಾನ್ ಮಾಡುತ್ತಾ ನಿಂತಿರಬೇಕು. ಸೂಪರ್‌ವೈಸರ್ ಹೇಳಿದಾಗ ಟೀ, ಅವನು ಬಿಟ್ಟಾಗ ಊಟ. ದಿನದಲ್ಲಿ ನನ್ನದು ಅಂತ ಇದ್ದದ್ದು ಬೆಳಗಿನ ಆ ಒಂದು ಗಂಟೆ. ಅದೂ ಕೈಬಿಟ್ಟರೆ ನನಗೆ ಉಳಿಯುವುದು ಡಬ್ಬಗಳು ಮಾತ್ರ.

ಆ ಜಾಗವನ್ನು ನಾವು ಕಷ್ಟಪಟ್ಟು ಮಾಡಿಕೊಂಡಿದ್ದೆವು. ಪಾರ್ಥೇನಿಯಂ ಕಿತ್ತು, ಕಲ್ಲು ಆರಿಸಿ, ಎರಡು ಸರ್ವೆ ಕಂಬ ನೆಟ್ಟು, ಸುಣ್ಣದಲ್ಲಿ ಗೆರೆ ಎಳೆದಿದ್ದೆವು. ನೆಟ್ ಮಾತ್ರ ಹೊಸದು. ಉಳಿದದ್ದೆಲ್ಲ ಅವನ ಅಂಗಡಿಯ ಮೂಲೆಯಿಂದ ಬಂದದ್ದು.

ಭಾನುವಾರ ಬಂತೆಂದರೆ ಆಟಕ್ಕಿಂತ ಮೊದಲು ನಮಗೆ ಕಸ ಎತ್ತುವ ಕೆಲಸ. ನಮ್ಮೂರಿನ ಬೆಳಗಿನ ಬಿರಿಯಾನಿ ತಿನ್ನಲು ಬೆಂಗಳೂರಿನಿಂದ ಕಾರುಗಳು ಬೆಳಕು ಹರಿಯುವ ಮೊದಲೇ ಬಂದುಬಿಡುತ್ತವೆ. ಬಿರಿಯಾನಿ ಬಗ್ಗೆ ನನ್ನದೇನೂ ತಕರಾರಿಲ್ಲ, ನಾನೂ ತಿನ್ನುವವನೇ. ಆದರೆ ಪೊಟ್ಟಣ ಕಟ್ಟಿಸಿಕೊಂಡ ಈ ಮಹಾನುಭಾವರು ನಮ್ಮ ಸೈಟಿನ ಪಕ್ಕ ಕಾರು ನಿಲ್ಲಿಸಿ, ಬಾನೆಟ್ಟಿನ ಮೇಲೆ ಹರಡಿಕೊಂಡು ತಿಂದು, ಮೂಳೆಯನ್ನು ಕೋರ್ಟಿಗೆ ಎಸೆಯುತ್ತಿದ್ದರು. ಶೇರ್ವಾ ಚೆಲ್ಲಿದ ಕವರು, ಮೊಸರುಬಜ್ಜಿಯ ಪೊಟ್ಟಣ, ಮೂಗೊರೆಸಿದ ಕಾಗದ, ಎಲ್ಲ ಅಲ್ಲಿಗೇ. ಬಾಯಿ ಮುಕ್ಕಳಿಸಿ ಉಗಿದದ್ದು ಸರಿಯಾಗಿ ನಮ್ಮ ಸರ್ವಿಸ್ ಗೆರೆಯ ಮೇಲೆ. ಆಮೇಲೆ ಪಕ್ಕದ ಗೋಡೆಗೆ ತಿರುಗಿ ಸಾಲಾಗಿ ನಿಲ್ಲುತ್ತಿದ್ದರು. ಥೂ! ಓದಿದವರಂತೆ, ದೊಡ್ಡ ಕಾರಿನವರಂತೆ. ಅವರ ಎಂಜಲನ್ನು ಕಡ್ಡಿಯಲ್ಲಿ ಎತ್ತೆತ್ತಿ ಹಾಕುವಾಗ ನನಗೆ ಮನುಷ್ಯ ಜಾತಿಯ ಮೇಲೇ ಹೇಸಿಗೆ ಬರುತ್ತಿತ್ತು.

ಒಂದು ಸಲ ಕೇಳಿಯೂ ನೋಡಿದೆ. ತಂಪು ಕನ್ನಡಕ ತಲೆ ಮೇಲೆ ಏರಿಸಿಕೊಂಡಿದ್ದ ಒಬ್ಬ, ಅಗಿಯುವುದನ್ನೂ ನಿಲ್ಲಿಸದೆ, "ಖಾಲಿ ಸೈಟ್ ತಾನೇ ಬ್ರೋ, ನಿಮ್ಮಪ್ಪಂದಾ?" ಅಂದ. ನಮ್ಮಪ್ಪನದಲ್ಲ, ನಿಜ. ವಾಪಸು ಬಂದು ಮತ್ತೆ ಕಡ್ಡಿ ಹಿಡಿದೆ.

"ಬೈದ್ರೆ ಬಗ್ಗೋ ಜನ ಅಲ್ಲ ಗುರು ಇವ್ರು," ಅಂದ ಗೆಳೆಯ. "ಭಯ ಬೀಳಿಸ್ಬೇಕು. ಅಮಾವಾಸ್ಯೆ ಬರ್ಲಿ, ತಡಿ."

ಅಮಾವಾಸ್ಯೆ ಕಳೆದ ಬೆಳಗ್ಗೆ ಅವನೊಂದು ಚೀಲ ತಂದ. ಅದರಲ್ಲಿ ಕೊಯ್ದ ನಿಂಬೆಹಣ್ಣು, ಒಡೆದ ಕುಡಿಕೆ, ಮತ್ತೆ ಕೆಂಪನ್ನದ ಉಂಡೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಕಸಾಲೆ ಆದರೆ ಇಂಥವನ್ನು ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಹಾಕುವುದು ನಮ್ಮ ಕಡೆ ಇದ್ದದ್ದೇ. ತುಳಿದವರಿಗೆ ಆ ಪೀಡೆ ಅಂಟುತ್ತದೆ ಅಂತ ಭಯ. ನಮ್ಮ ಜಾಗವಂತೂ ಅದಕ್ಕೆ ಹೇಳಿ ಮಾಡಿಸಿದ್ದು.

"ಇಷ್ಟು ಕೆಂಪು ಹೆಂಗ್ ಬಂತೋ?"

"ರೆಡ್ ಆಕ್ಸೈಡ್ ಕಣೋ, ಅಂಗಡೀದು. ದೇವ್ರ ಕುಂಕುಮ ಯಾಕೆ ಹಾಳ್ ಮಾಡದು?"

ಕಾರು ನಿಲ್ಲುವ ಅಂಚಿನಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ, ನಗು ತಡೆಯಲಾರದೆ ಮನೆಗೆ ಹೋದೆವು. ಮುಂದಿನ ಭಾನುವಾರ ಒಂದು ಕಾರು ಬಂತು, ನಿಂತಿತು, ಒಬ್ಬ ಇಳಿಯಲು ಕಾಲು ಹೊರಗಿಟ್ಟವನು ಹಾಗೇ ಒಳಗೆಳೆದುಕೊಂಡ. ಕಾರು ಮುಂದೆ ಹೋಯಿತು. ಅಷ್ಟು ಇಂಗ್ಲಿಷು, ಅಷ್ಟು ದೊಡ್ಡ ಫೋನು, ಒಂದು ನಿಂಬೆಹಣ್ಣಿಗೆ ಗಪ್‌ಚುಪ್! ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ತಿಂಗಳು ಆಡಿದಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರಲಿಲ್ಲ. ಆ ಖುಷಿಯಲ್ಲೇ, ಹುಟ್ಟಿದಾಗಿನಿಂದ ಪ್ಲಾಸ್ಟಿಕ್ ಕಾಕ್‌ನಲ್ಲಿ ಆಡಿದವನು ಮೊದಲ ಸಲ ಗರಿಯ ಕಾಕ್ ಕೊಂಡೆ. ಬಿಳೀ ಗರಿ, ಮೂಸಿದರೆ ಹೊಸ ವಾಸನೆ. ಒಳ್ಳೆಯ ದಿನಕ್ಕಿರಲಿ ಅಂತ ಬೀರುವಿನಲ್ಲಿಟ್ಟೆ.

ಮುಂದಿನ ಅಮಾವಾಸ್ಯೆ ಬಂತು. ಮಾರನೇ ಬೆಳಗ್ಗೆ ಹೋಗಿ ನೋಡಿದರೆ ನಾವಿಡದ ನಿಂಬೆಹಣ್ಣುಗಳು. ಒಡೆದ ಬೂದುಗುಂಬಳ, ಅದರ ಹೊಟ್ಟೆಯೊಳಗೆ ಕುಂಕುಮ, ಕೂದಲ ಉಂಡೆ, ಒಡೆದು ಹರಿದ ಮೊಟ್ಟೆ. ಇಲ್ಲಿ ಯಾರೋ ಹಾಕುತ್ತಾರೆ ಅಂತ ಗೊತ್ತಾದ ಮೇಲೆ ಬಡಾವಣೆಯವರೆಲ್ಲ ತಮ್ಮ ತಮ್ಮ ಪೀಡೆಯನ್ನು ಇಲ್ಲಿಗೇ ತಂದು ಸುರಿಯಲು ಶುರು ಮಾಡಿದ್ದರು. ಕಸದ ಗಾಡಿಯವರು ಮುಟ್ಟಲಿಲ್ಲ. ಬಿಸಿಲಿಗೆ ಕುಂಬಳ ಕೊಳೆತು ನೀರಾಗಿ ನಮ್ಮ ಗೆರೆಯ ಮೇಲೆ ಹರಿಯಿತು, ನೊಣ ಮುತ್ತಿತು, ನಾರುವ ಮೊಟ್ಟೆ ಮೇಲೆ ಇರುವೆ ಹತ್ತಿತು. ಬಿರಿಯಾನಿ ಮೂಳೆಯೇ ವಾಸಿ ಅನ್ನಿಸಿತು. ಅದನ್ನಾದರೂ ನಾಯಿ ಎತ್ತಿಕೊಂಡು ಹೋಗುತ್ತಿತ್ತು!

ಹೆಂಡತಿ ಬಾಗಿಲಲ್ಲೇ ತಡೆದು, "ರೀ, ಆ ಕಾಲಲ್ಲಿ ಒಳಗೆ ಬರ್ಬೇಡಿ, ಅಲ್ಲೇ ತೊಳ್ಕೊಳಿ," ಅನ್ನತೊಡಗಿದಳು. ನಮ್ಮ ಕೈವಾಡವನ್ನು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಕಾಲಲ್ಲ, ನನ್ನನ್ನೇ ಒಳಗೆ ಬಿಡುತ್ತಿರಲಿಲ್ಲ.

ಆದರೂ ಹಠಕ್ಕೆ ಬಿದ್ದು ಆಡಿದೆವು. ಕೋರ್ಟನ್ನು ಮೊಟಕು ಮಾಡಿ, ಹೊಸ ಗೆರೆ ಎಳೆದೆವು. ಒಳ್ಳೆಯ ದಿನ ಇನ್ನು ಬರುವಂತಿಲ್ಲ ಅನ್ನಿಸಿ ಗರಿಯ ಕಾಕ್ ಕೂಡ ಹೊರಗೆ ತೆಗೆದೆ. ಎರಡನೇ ಆಟದಲ್ಲಿ ಗೆಳೆಯ ಹೊಡೆದದ್ದು ಗಾಳಿಗೆ ತೇಲಿ ಆ ರಾಶಿಯ ನಡುವೆ, ಕೆಂಪನ್ನದ ಪಕ್ಕದಲ್ಲಿ ಬಿತ್ತು.

"ಎತ್ಕೋ ಗುರು," ಅಂದ.

ಹೋದೆ. ಅಂಚಿಗೆ ಹೋಗಿ ನಿಂತೆ. ಕಾಲು ಮುಂದೆ ಬರಲಿಲ್ಲ. "ಅದು ನಾವೇ ಇಟ್ಟ ಅನ್ನ ಅಲ್ವೇನೋ?" ಅಂದೆ, ನನಗೇ ಧೈರ್ಯ ಹೇಳಿಕೊಳ್ಳುವಂತೆ.

ಅವನು ಹತ್ತಿರ ಬಂದ. ಪೇಂಟಿನ ಅಂಗಡಿಯವನಲ್ಲವೇ, ಗಿರಾಕಿ ತಂದ ಬಣ್ಣದ ಚೂರು ನೋಡುವಂತೆ ಬಗ್ಗಿ ನೋಡಿದ. ತಟ್ಟನೆ ಹಿಂದೆ ಸರಿದ.

"ಇದು ನಮ್ ಅಂಗಡಿ ಕೆಂಪಲ್ಲ ಗುರು."

ಕಾಕ್ ಅಲ್ಲೇ ಬಿಟ್ಟೆವು. ಆಮೇಲೆ ಅವನು ಒಂದು ಕಂಬದಿಂದ ನೆಟ್ ಬಿಚ್ಚಿದ, ನಾನು ಇನ್ನೊಂದರಿಂದ. ಕಾರಿನೊಳಗೆ ಕಾಲೆಳೆದುಕೊಂಡವನ ನೆನಪಾಯಿತು. ಅವತ್ತು ಅವನನ್ನು ನೋಡಿ ನಕ್ಕಿದ್ದೆ, ಈಗ ನನ್ನ ಮೇಲೇ ಹೇಸಿಗೆ ಬಂತು.

ಈಗ ಬೆಳಗಿನ ಆ ಒಂದು ಗಂಟೆ ಹಾಸಿಗೆಯಲ್ಲೇ ಹೊರಳಾಡುತ್ತಾ ಮೊಬೈಲಿನಲ್ಲಿ ಲೂಡೊ ಆಡುತ್ತೇನೆ, ಆಮೇಲೆ ಡಬ್ಬಗಳ ಹತ್ತಿರ ಹೋಗುತ್ತೇನೆ. ಮೊನ್ನೆ ಸಂಜೆ ಹೆಂಡತಿಯ ಜೊತೆ ತರಕಾರಿಗೆ ಹೊರಟಾಗ ಆ ದಾರಿಯಲ್ಲೇ ಹೋಗಬೇಕಾಯಿತು. ಕಾಕ್ ಇನ್ನೂ ಅಲ್ಲೇ ಇತ್ತು. ಬಿಳೀ ಗರಿಗೆ ಕುಂಕುಮದ ನೀರು ಇಳಿದಿತ್ತು. ಹೆಂಡತಿ ನನ್ನ ತೋಳು ಹಿಡಿದು ಎಳೆದಳು.

"ರೀ, ಅಲ್ ನೋಡಿ, ಕೋಳಿ ಗರಿ ಬೇರೆ ಕಟ್ಟಿ ಹಾಕವ್ರೆ. ಯಾವ್ ಮನೆಹಾಳ್ರೋ! ಈ ಕಡೆ ಬನ್ನಿ."

ಹೂಂ ಅಂದು ಅವಳ ಹಿಂದೆಯೇ ಸುತ್ತು ಹಾಕಿಕೊಂಡು ಹೋದೆ.